ಗೋಣಿ ಕೊಪ್ಪೆ, ಕೌದಿ ಮತ್ತು ಹಳೆಯ ಬಟ್ಟೆಯ ಚರಿತ್ರೆ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಕೊಪ್ಪೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಖಾಲಿ ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ತಲೆಯ ಮೇಲೆ ಕುಲಾವಿಯಂತೆ ಕೂತು ಬೆನ್ನ ಮೇಲೆ ಇಳಿಬೀಳುವ ಉಡುಪೊಂದು ಸಿದ್ಧವಾಗುತ್ತದೆ. ಕತ್ತರಿ ಬೇಡ, ಸೂಜಿ ಬೇಡ. ಗೋಣಿಬೀಡು, ಮೂಡಿಗೆರೆ, ಕಳಸದ ಕಡೆ ತೋಟದ ಆಳುಗಳು ಆಷಾಢದ ಮಳೆಯಲ್ಲಿ ಕೆಲಸ ಮಾಡುತ್ತಿದ್ದುದು ಇದನ್ನು ಹೊದ್ದುಕೊಂಡೇ. ಹಳೆಯ ವಸ್ತುವಿನಿಂದ ಹೊಸ ಉಡುಪು ಮಾಡುವುದಕ್ಕೆ ಪಟ್ಟಣದವರು ಈಗ ‘ಅಪ್‌ಸೈಕ್ಲಿಂಗ್’ ಎನ್ನುತ್ತಾರೆ. ಆ ಹೆಸರಿಗಿಂತ ಕೊಪ್ಪೆ ಬಹಳ ಹಳೆಯದು.

ಗೋಣಿಯ ಚರಿತ್ರೆಯೂ ಸ್ವಾರಸ್ಯದ್ದು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಜನುಪವೆಂಬ ಸೆಣಬಿನ ಗಿಡದ ನಾರಿನಿಂದ ಗೋಣಿ ನೇಯುವ ಕಸುಬಿನವರ ವಿಷಯ ಬರೆದಿದ್ದಾನೆ. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಸೆಣಬಿನ ಗಿರಣಿ ಆರಂಭವಾದ ಮೇಲೆ ಗಿರಣಿಯ ಚೀಲ ದೇಶವನ್ನೆಲ್ಲ ತುಂಬಿತು. ಇಂಗ್ಲಿಷಿನ ‘ಗನ್ನಿ’ ಎಂಬ ಪದವೂ ನಮ್ಮ ದೇಶದ ಗೋಣಿಯಿಂದಲೇ ಹೋದದ್ದು. (ಗೋಣಿ ಎಂಬ ಮರವೂ ಉಂಟು. ಗೋಣಿಬೀಡಿನ ಹೆಸರನ್ನು ಚೀಲಕ್ಕೆ ಗಂಟು ಹಾಕುವ ಆತುರ ಬೇಡ.)

ಕೊಪ್ಪೆಗೆ ಗೋಣಿಗಿಂತ ಕಂಬಳಿಯೇ ಮೇಲು. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆ ಎನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಗೋಣಿಯಾದರೋ ನೀರು ಕುಡಿದು ಭಾರವಾಗುತ್ತದೆ. ಹಾಗಿದ್ದರೂ ಗೋಣಿ ಹೊದ್ದದ್ದೇಕೆ? ಕಂಬಳಿಗೆ ಹಣ ಬೇಕು, ಗೋಣಿ ತೋಟದಲ್ಲೇ ಬಿದ್ದಿರುತ್ತಿತ್ತು. ಅದು ಆಯ್ಕೆಯಲ್ಲ, ಅನಿವಾರ್ಯ.

ಮನೆಯೊಳಗಿನ ಬಟ್ಟೆಯ ಕಥೆಯೂ ಹೀಗೆಯೇ. ಸೀರೆ ಹರಿದರೆ ಮಗಳ ಲಂಗ, ಆಮೇಲೆ ಮಗುವಿನ ಜೋಲಿ, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಬಯಲುಸೀಮೆಯಲ್ಲಿ, ಧಾರವಾಡ, ವಿಜಯಪುರ, ಬಾಗಲಕೋಟೆಗಳ ಕಡೆ, ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಹೊಲಿಗೆಯಿಂದ ಕೌದಿ ಮಾಡುತ್ತಾರೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದರ ಬೆಚ್ಚಗಿನ ಗುಟ್ಟು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಇದೇ ಬಗೆಯ ‘ಕವಂದ್’ ಹೊಲಿಯುತ್ತಾರೆ. ಆಫ್ರಿಕಾದಿಂದ ಬಂದವರ ಸಂತತಿ ಇವರು. ಮೂಲೆಗಳಲ್ಲಿ ತ್ರಿಕೋನಾಕಾರದ ತುಂಡುಗಳ ‘ಫೂಲ್’, ಅಂದರೆ ಹೂವು, ಇಡದೆ ಕವಂದ್ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ನಮ್ಮ ಕ್ಯಾಮೆರಾ ಈ ಬಣ್ಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ಅದನ್ನು ಹೊಲಿಸಿದ ಚಳಿಯನ್ನು ಹಿಡಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಹಳೆಯ ಬಟ್ಟೆಯನ್ನು ಹೊಗಳುವ ಮೊದಲು ಚರಿತ್ರೆಯ ಇನ್ನೊಂದು ಪುಟವನ್ನೂ ಓದಬೇಕು. ಚಂಡಾಲರು ಸತ್ತವರ ಬಟ್ಟೆಯನ್ನೇ ತೊಡಬೇಕೆಂದು ಮನುಸ್ಮೃತಿ ವಿಧಿಸಿತ್ತು. ಇತರರ ಹಳತನ್ನು ಉಡುವುದು ಅಲ್ಲಿ ಮಿತವ್ಯಯವಲ್ಲ, ಶಿಕ್ಷೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಗ್ರಂಥವನ್ನು ಸುಡಲಾಯಿತು. ಅದೇ ಸಂದರ್ಭದಲ್ಲಿ ಡಾ. ಅಂಬೇಡ್ಕರ್ ಅವರು ಅಲ್ಲಿ ಸೇರಿದ್ದ ಹೆಂಗಸರಿಗೆ, ಅಸ್ಪೃಶ್ಯತೆಯ ಗುರುತಾಗಿದ್ದ ಉಡುಗೆ ತೊಡುಗೆಯನ್ನು ಬಿಟ್ಟು ಸೀರೆ ಉಡುವ ರೀತಿಯನ್ನೇ ಬದಲಿಸಿಕೊಳ್ಳಿ ಎಂದು ಹೇಳಿದರು. ಧಣಿಯ ಮನೆಯ ಹಳೇ ಅಂಗಿ ಬೇಡವೆಂದು, ಸಾಲ ಮಾಡಿಯಾದರೂ ಹಬ್ಬಕ್ಕೆ ಹೊಸದನ್ನು ತರುವವರನ್ನು ದುಂದುಗಾರರೆನ್ನಲು ನನಗೆ ಮನಸ್ಸು ಬಾರದು.

ಹೊಸ ಬಟ್ಟೆ ಎಲ್ಲರ ಕೈಗೆ ಎಟುಕಿದ್ದು ತೀರ ಈಚೆಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆ ಎಷ್ಟು ದುಬಾರಿಯಾಗಿತ್ತೆಂದರೆ, 1943ರಲ್ಲಿ ಸರ್ಕಾರವೇ ಬೆಲೆ ನಿಯಂತ್ರಣದ ಆಜ್ಞೆ ಹೊರಡಿಸಬೇಕಾಯಿತು. ಇಂದು ಜಗತ್ತಿನಲ್ಲಿ ತಯಾರಾಗುವ ಜವಳಿ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂನ ಸಂತಾನ. ಗೋಣಿಯೂ ಕಂಬಳಿಯೂ ಕೊನೆಗೆ ತಿಪ್ಪೆಯಲ್ಲಿ ಕರಗಿ ಗೊಬ್ಬರವಾಗುತ್ತವೆ, ಇದು ಕರಗುವುದಿಲ್ಲ. ಹತ್ತಿಯೇನೂ ಪುಕ್ಕಟೆಯಲ್ಲ: ಒಂದು ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬುದು ವಿಶ್ವ ವನ್ಯಜೀವಿ ನಿಧಿಯ ಅಂದಾಜು. ಮಳೆಯೂರಿನವರಿಗೆ ಈ ಲೆಕ್ಕ ನಾಟದಿರಬಹುದು, ಆದರೆ ಹತ್ತಿ ಬೆಳೆಯುವುದು ಹಾವೇರಿ, ಧಾರವಾಡದಂಥ ಕಡೆ. ಕಡಿಮೆ ಬೆಲೆಯ ಉಳಿದ ಪಾಲನ್ನು ಯಾರು ತೆರುತ್ತಾರೆಂಬುದು 2013ರ ಏಪ್ರಿಲ್ 24ರಂದು ಕಾಣಿಸಿತು. ಅಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸಿದ್ಧ ಉಡುಪು ಹೊಲಿಯುವ ಕೆಲಸಗಾರರು.

ಹಾಗಾದರೆ ಹಳತಿನ ಅವಮಾನವನ್ನು ಕಳೆದು ಉಪಯೋಗವನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯವೇ? 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತ ಅವರು ಆರಂಭಿಸಿದ ಗೂಂಜ್ ಸಂಸ್ಥೆ ಒಂದು ದಾರಿ ಹುಡುಕಿತು. ಪಟ್ಟಣದ ಹಳೆಯ ಬಟ್ಟೆಯನ್ನು ವಿಂಗಡಿಸಿ ಹಳ್ಳಿಗೆ ಒಯ್ಯುತ್ತದೆ, ಆದರೆ ದಾನವೆಂದು ಹಂಚುವುದಿಲ್ಲ. ಊರವರು ತಾವೇ ಆರಿಸಿಕೊಂಡ ಬಾವಿ, ರಸ್ತೆ ಮೊದಲಾದ ಕೆಲಸ ಮಾಡುತ್ತಾರೆ, ಬಟ್ಟೆ ಅದಕ್ಕೆ ಪ್ರತಿಫಲ. ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕೊಳ್ಳುವ ಶಕ್ತಿಯಿದ್ದೂ ಹಳತನ್ನು ಆರಿಸುವ ತರುಣರು ಈಗ ಇದ್ದಾರೆ. ಅಂಥವರು ಕಂಕುಳು, ಕಾಲರು, ಮೊಣಕಾಲುಗಳ ಕಡೆ ಎಳೆ ಸವೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಒಳಮಡಿಕೆಯಲ್ಲಿ ಬಟ್ಟೆ ಬಿಟ್ಟಿದ್ದರೆ ದರ್ಜಿ ಅದನ್ನು ಬಿಚ್ಚಿ ಅಗಲ ಮಾಡಬಲ್ಲ. ಅಗ್ಗದ ಸಿದ್ಧ ಉಡುಪಿನಲ್ಲಿ ಆ ಮಡಿಕೆಯನ್ನೇ ಉಳಿಸಿರುವುದಿಲ್ಲ.