ಬ್ಯಾಂಕಿನ ವ್ಯಾಜ್ಯ, ಪ್ರಜೆಯ ಹಕ್ಕು



ಬ್ಯಾಂಕಿನ ವ್ಯಾಜ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಾಲಪತ್ರ, ಅಡಮಾನ, ಬಡ್ಡಿಯ ಲೆಕ್ಕ. ಈ ನೀರಸ ಕಡತಗಳಲ್ಲಿ ಸಾಮಾನ್ಯ ಪ್ರಜೆಯ ಹಣೆಬರಹವೂ ಅಡಗಿರಬಹುದೆಂದು ನಾವು ಎಣಿಸುವುದಿಲ್ಲ. ಅಂಥದೊಂದು ವ್ಯಾಜ್ಯದ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

1906ರಲ್ಲಿ ಮಂಗಳೂರಿನಲ್ಲಿ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವೃತ್ತಿಯಿಂದ ವಕೀಲರು. ಆ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಗೆ ದಿನಕ್ಕೆರಡಾಣೆ ಕಟ್ಟಿದವರ ಮನೆಗಳಿಂದ ಬಂದವರು ಈ ಸಭೆಯಲ್ಲಿಯೂ ಇದ್ದಾರು.

1969ರ ಜುಲೈ 19ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ, ಐವತ್ತು ಕೋಟಿ ರೂಪಾಯಿಗಿಂತ ಕಡಿಮೆಯಿಲ್ಲದ ಠೇವಣಿಯುಳ್ಳ 14 ಬ್ಯಾಂಕುಗಳನ್ನು ವಶಪಡಿಸಿಕೊಂಡಿತು. ನಮ್ಮ ಕರಾವಳಿಯ ಈ ಎರಡು ಬ್ಯಾಂಕುಗಳೂ ಆ ಪಟ್ಟಿಯಲ್ಲಿದ್ದವು. ಕೆಲವೇ ದಿನಗಳಲ್ಲಿ ಸಂಸತ್ತು ಅದನ್ನು ಕಾಯಿದೆಯಾಗಿಸಿತು. ರೈತನಿಗೂ ಸಣ್ಣ ಉದ್ಯಮಿಗೂ ಸಾಲ ದೊರೆಯಬೇಕೆಂಬುದು ಸರ್ಕಾರದ ಘೋಷಿತ ಆಶಯ. ಅದನ್ನು ಸ್ವಾಗತಿಸಿದವರು ಅಸಂಖ್ಯರು.

ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ರುಸ್ತುಂ ಕಾವಸ್‌ಜಿ ಕೂಪರ್. ಅವರು ಸೆಂಟ್ರಲ್ ಬ್ಯಾಂಕಿನ ನಿರ್ದೇಶಕರು, ಇನ್ನೂ ಕೆಲವು ಬ್ಯಾಂಕುಗಳ ಷೇರುದಾರರು. ಅವರ ಪರ ವಾದಿಸಿದವರು ನಾನಿ ಪಾಲ್ಖಿವಾಲಾ. ಸರ್ಕಾರದ ಪರ ಅಟಾರ್ನಿ ಜನರಲ್ ನಿರೇನ್ ಡೇ.

ವಾಣಿಜ್ಯ ವಕೀಲರ ಜಾಣ್ಮೆ ಮೊದಲ ಹೆಜ್ಜೆಯಲ್ಲಿಯೇ ಕಾಣುತ್ತದೆ. ಬ್ಯಾಂಕು ಒಂದು ಕಂಪನಿ, ಕಂಪನಿಯು ಪ್ರಜೆಯಲ್ಲ, ಆದುದರಿಂದ ಸಂವಿಧಾನದ 19ನೆಯ ವಿಧಿಯ ಸ್ವಾತಂತ್ರ್ಯಗಳನ್ನು ಅದು ಕೇಳುವಂತಿಲ್ಲ. ಷೇರುದಾರನಾದರೋ ಪ್ರಜೆ. ಕಂಪನಿಗಾದ ಪೆಟ್ಟು ತನ್ನ ಹಕ್ಕಿಗೂ ತಗುಲಿದರೆ ಆತ ನ್ಯಾಯ ಕೇಳಬಹುದೇ? ಕೇಳಬಹುದೆಂದು ನ್ಯಾಯಾಲಯ ಒಪ್ಪಿತು.

1970ರ ಫೆಬ್ರವರಿ 10ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠದ ತೀರ್ಪು ಹೊರಬಿತ್ತು. ಬ್ಯಾಂಕುಗಳನ್ನು ವಶಪಡಿಸಿಕೊಳ್ಳುವ ಶಾಸನ ಮಾಡಲು ಸಂಸತ್ತಿಗೆ ಅಧಿಕಾರವುಂಟು. ಆದರೆ ಈ ಹದಿನಾಲ್ಕನ್ನು ಮಾತ್ರ ಬ್ಯಾಂಕಿಂಗ್ ವ್ಯವಹಾರದಿಂದ ಹೊರಗಿಟ್ಟದ್ದು ತಾರತಮ್ಯ. ಪರಿಹಾರದ ಲೆಕ್ಕದಲ್ಲಿ ಬ್ಯಾಂಕು ಗಳಿಸಿದ ಹೆಸರಿನ ಬೆಲೆಯನ್ನು, ಅಂದರೆ ಗುಡ್‌ವಿಲ್ಲನ್ನು, ಕೈಬಿಟ್ಟದ್ದೂ ತಪ್ಪು. ಹತ್ತು ಮಂದಿ ಕಾಯಿದೆಯನ್ನು ರದ್ದುಗೊಳಿಸಿದರು, ಎ. ಎನ್. ರೇ ಒಬ್ಬರೇ ಭಿನ್ನಮತ ಬರೆದರು. ಆ ಹತ್ತು ಮಂದಿಯಲ್ಲಿ ನಮ್ಮ ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ. ಎಸ್. ಹೆಗ್ಡೆಯವರೂ ಇದ್ದರು.

ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂದಿತು. ತಾರತಮ್ಯದ ಅಂಶವನ್ನು ತೆಗೆದು, ಬ್ಯಾಂಕುವಾರು ಪರಿಹಾರವನ್ನು ನಿಗದಿಪಡಿಸಲಾಯಿತು. ಒಟ್ಟು ಮೊತ್ತ ಸುಮಾರು 87 ಕೋಟಿ ರೂಪಾಯಿ. ರಾಷ್ಟ್ರೀಕರಣ ಉಳಿಯಿತು. ಹಾಗಾದರೆ ವಕೀಲರು ಗೆದ್ದದ್ದೇನು?

ಅದಕ್ಕೆ ಉತ್ತರ ತೀರ್ಪಿನ ಒಡಲಲ್ಲಿಯೇ ಇತ್ತು. ಅಲ್ಲಿಯವರೆಗೆ ಮೂಲಭೂತ ಹಕ್ಕುಗಳನ್ನು ಬೇರೆಬೇರೆ ಕೋಣೆಗಳೆಂದು ಬಗೆಯಲಾಗುತ್ತಿತ್ತು, 1950ರ ಎ. ಕೆ. ಗೋಪಾಲನ್ ಪ್ರಕರಣ ಅದಕ್ಕೆ ಆಧಾರ. ಕೂಪರ್ ತೀರ್ಪು ಆ ಗೋಡೆಗಳನ್ನು ಕೆಡವಿತು. ಕಾಯಿದೆಯ ಉದ್ದೇಶವನ್ನಷ್ಟೇ ನೋಡಿದರೆ ಸಾಲದು, ಅದು ಪ್ರಜೆಯ ಹಕ್ಕಿನ ಮೇಲೆ ನೇರವಾಗಿ ಬೀರುವ ಪರಿಣಾಮವನ್ನು ನೋಡಬೇಕು ಎಂದಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. 1973ರ ಏಪ್ರಿಲ್‌ನಲ್ಲಿ ಸರ್ಕಾರವು ಶೇಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ಬದಿಗಿರಿಸಿ ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಿತು. ಆ ಮೂವರೂ ಬ್ಯಾಂಕ್ ಪ್ರಕರಣದಲ್ಲಿ ಬಹುಮತದವರು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರು ಮುಂದೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು.

ಅದೇ 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ವಶಪಡಿಸಿಕೊಳ್ಳಲಾಯಿತು. 1978ರ ಜನವರಿ 25ರ ತೀರ್ಪಿನಲ್ಲಿ ನ್ಯಾಯಾಲಯವು ಕೂಪರ್ ಪ್ರಕರಣದ ತತ್ತ್ವವನ್ನೇ ಆಧರಿಸಿ, ವಿದೇಶ ಪ್ರಯಾಣದ ಹಕ್ಕನ್ನು ಮೊಟಕುಗೊಳಿಸುವ ವಿಧಾನವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಸಾರಿತು.

ಇತ್ತ, ಷೇರುದಾರನು ಯಾವ ಹಕ್ಕಿಗಾಗಿ ಹೋರಾಡಿದನೋ ಆ ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಸಾಲಿನಿಂದಲೇ ಹೊರನಡೆಯಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಷೇರಿನ ಲೆಕ್ಕಕ್ಕಾಗಿ ಹೂಡಿದ ವಾದದಿಂದ ಹುಟ್ಟಿದ ಆ ತತ್ತ್ವ ಉಳಿದಿದೆ. ಸಮುದ್ರ ದಾಟಿ ಬಂದ ನಾವು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ತಂದ ಪಾಸ್‌ಪೋರ್ಟಿಗೂ ಅದರ ರಕ್ಷೆಯಿತ್ತೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸೋಣ.