ಬೆಂಗಳೂರು–ಲಂಡನ್ ವಿಮಾನ ಪ್ರಯಾಣ: ದೂರ, ಅವಧಿ ಮತ್ತು ಊಟದ ವೇಳೆ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಲಂಡನ್‌ನ ಹೀಥ್ರೂ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಸುಮಾರು 8,000 ಕಿ.ಮೀ. ದೂರವಿದೆ. ನೇರ ವಿಮಾನದಲ್ಲಿ ಹೋಗಲು ಹತ್ತೂವರೆಯಿಂದ ಹನ್ನೊಂದು ಗಂಟೆ, ಮರಳಿ ಬರಲು ಸುಮಾರು ಹತ್ತು ಗಂಟೆ ಹಿಡಿಯುತ್ತದೆ. ಆಕಾಶದ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಯಾವುದಾದರೂ ದೇಶ ತನ್ನ ವಾಯುಪ್ರದೇಶವನ್ನು ಮುಚ್ಚಿದರೆ ಸುತ್ತುಬಳಸಿ ಹೋಗಬೇಕಾಗಿ ಅವಧಿ ಹೆಚ್ಚುತ್ತದೆ.

ದುಬೈ ಮಾರ್ಗ

ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ.; ದುಬೈ–ಲಂಡನ್ ಸುಮಾರು 5,500 ಕಿ.ಮೀ. ಒಟ್ಟು ದೂರ ಹೆಚ್ಚುವುದು 200 ಕಿ.ಮೀ.ಯಷ್ಟು ಮಾತ್ರ. ಆದರೆ ನಡುವೆ ಕಾಯುವ ಹೊತ್ತು ಸೇರಿ ಪ್ರಯಾಣ 14 ಗಂಟೆ ಮೀರಬಹುದು.

ಗಡಿಯಾರದ ಲೆಕ್ಕ

ಭಾರತದ ಸಮಯ ಲಂಡನ್‌ಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದಿರುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಈ ಅಂತರ ನಾಲ್ಕೂವರೆ ಗಂಟೆ. ಟಿಕೆಟ್‌ನಲ್ಲಿ ಮುದ್ರಿಸುವುದು ಆಯಾ ಊರಿನ ಸ್ಥಳೀಯ ಸಮಯ. ಉದಾಹರಣೆಗೆ, ಡಿಸೆಂಬರ್‌ನಲ್ಲಿ ಬೆಳಗ್ಗೆ 7ಕ್ಕೆ ಬೆಂಗಳೂರು ಬಿಟ್ಟ ವಿಮಾನ 11 ಗಂಟೆ ಹಾರಿ ಲಂಡನ್‌ನಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ 12.30, ಬೆಂಗಳೂರಿನಲ್ಲಿ ಆಗ ಸಂಜೆ 6.

ಸೂರ್ಯಾಸ್ತ

ರಾತ್ರಿಭೋಜನ ತ್ಯಾಗದ ನಿಯಮ ಪಾಲಿಸುವವರು ಈ ಲೆಕ್ಕವನ್ನು ಟಿಕೆಟ್ ತೆಗೆಯುವಾಗಲೇ ಮಾಡಿಕೊಳ್ಳುವುದು ಒಳಿತು. ಡಿಸೆಂಬರ್ ಕೊನೆಯಲ್ಲಿ ಲಂಡನ್‌ನಲ್ಲಿ ಸಂಜೆ 4ರೊಳಗೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ 9.20ರವರೆಗೂ ಬೆಳಕಿರುತ್ತದೆ. ಮೇಲಿನ ಉದಾಹರಣೆಯಂತೆ ಚಳಿಗಾಲದಲ್ಲಿ 12.30ಕ್ಕೆ ಇಳಿದವರಿಗೆ ವಲಸೆ ತಪಾಸಣೆ, ಸಾಮಾನು ಪಡೆಯುವುದು, ಮನೆ ತಲುಪುವುದು ಎಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿರಬಹುದು. ಅಂಥವರು ವಿಮಾನದಲ್ಲಿ ಕೊಡುವ ಕೊನೆಯ ಆಹಾರವನ್ನು ಬಿಡದಿರುವುದು ಕ್ಷೇಮ. ಹಿರಿಯರು ಮತ್ತು ಔಷಧ ಸೇವಿಸುವವರು ಹೊತ್ತಿನ ಬದಲಾವಣೆಯ ಬಗ್ಗೆ ಮೊದಲೇ ವೈದ್ಯರನ್ನು ಕೇಳಬೇಕು.

ವಿಮಾನದಲ್ಲಿ ಜೈನ ಆಹಾರ

ಅನೇಕ ವಿಮಾನ ಸಂಸ್ಥೆಗಳಲ್ಲಿ ಜೈನ ಊಟಕ್ಕೆ 'ವಿಜೆಎಂಎಲ್' ಎಂಬ ಸಂಕೇತವಿದೆ. ಇದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳನ್ನು ಬಳಸುವುದಿಲ್ಲ. ಸಾಮಾನ್ಯ 'ವೆಜ್' ಊಟದಲ್ಲಿ ಇವು ಇರಬಹುದು. ಹೊರಡುವ ದಿನ ಕೇಳಿದರೆ ಜೈನ ಊಟ ಸಿಗುವುದು ಕಷ್ಟ. ಕನಿಷ್ಠ ಎರಡು ದಿನ ಮೊದಲೇ ಕಾಯ್ದಿರಿಸುವುದು ಉತ್ತಮ. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ವಿಮಾನಗಳಿಗೆ ಬುಕ್ ಆಗಿದೆಯೇ ಎಂದು ನೋಡಿಕೊಳ್ಳಬೇಕು.

ಜೊತೆಗೆ ಖಾಕ್ರಾ, ಅವಲಕ್ಕಿಯಂಥ ಒಣ ತಿಂಡಿ ಇಟ್ಟುಕೊಳ್ಳಬಹುದು. ಹಾಲಿನ ಉತ್ಪನ್ನಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯಲು ಅನುಮತಿ ಇಲ್ಲ; ಆದ್ದರಿಂದ ಬಂಧುಗಳಿಗೆಂದು ಪೇಡೆ, ತುಪ್ಪ ಕಟ್ಟಿಕೊಳ್ಳಬಾರದು.

ಒಟ್ಟು ಸಮಯ

ನಿಲ್ದಾಣಕ್ಕೆ ಮೂರು ಗಂಟೆ ಮೊದಲು ತಲುಪುವುದು, ಎರಡೂ ಕಡೆಯ ರಸ್ತೆ ಪ್ರಯಾಣ, ಇಳಿದ ನಂತರದ ತಪಾಸಣೆ ಸೇರಿಸಿದರೆ ನೇರ ವಿಮಾನದಲ್ಲೂ ಬೆಂಗಳೂರಿನ ಮನೆಯಿಂದ ಲಂಡನ್‌ನ ಮನೆಗೆ 17–18 ಗಂಟೆ ಬೇಕಾಗುತ್ತದೆ. ಬೇರೆ ಜಿಲ್ಲೆಗಳಿಂದ ಹೊರಡುವವರು ಬೆಂಗಳೂರು ತಲುಪುವ ಸಮಯವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.