ಕಮೊಒಅಲೆವ

ಭೂಮಿಗೆ ಸಮೀಪದ ಕಿರು ಕ್ಷುದ್ರಗ್ರಹ. ಅಪೊಲೊ ಗುಂಪಿಗೆ ಸೇರಿದ್ದು, ಕ್ರಮಸಂಖ್ಯೆ 469219. ಹವಾಯಿಯ ಮಾವಿ ದ್ವೀಪದ ಹಲೇಆಕಲಾ ಶಿಖರದಲ್ಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕ ಇದನ್ನು 2016ರ ಏಪ್ರಿಲ್ 27ರಂದು ಪತ್ತೆ ಮಾಡಿತು. ಮೊದಲಿಗೆ 2016 ಎಚ್‌ಒ3 ಎಂದು ಗುರುತಿಸಲಾಗಿತ್ತು. ಈಗಿನ ಹೆಸರು ಹವಾಯಿಯನ್ನರ ಸೃಷ್ಟಿಗೀತೆ ಕುಮುಲಿಪೊದಿಂದ ಬಂದದ್ದು. ತೂಗಾಡುವ ಆಕಾಶದ ತುಣುಕು ಎಂದು ಅರ್ಥ.

ಕಕ್ಷೆ: ಸೂರ್ಯನಿಂದ ಇದರ ಸರಾಸರಿ ದೂರ ಸುಮಾರು 1.001 ಖಗೋಳಮಾನ, ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು 366 ದಿನ. ಉತ್ಕೇಂದ್ರತೆ ಸುಮಾರು 0.10. ಕಕ್ಷೆಯು ಭೂಕಕ್ಷೆಯ ಸಮತಲಕ್ಕೆ 8 ಡಿಗ್ರಿಯಷ್ಟು ಓರೆಯಾಗಿದೆ. ಸೂರ್ಯನಿಗೆ ಅತಿ ಸಮೀಪದ ಬಿಂದುವಾದ ಪುರರವಿಯ ಬಳಿ ಇದು ಭೂಕಕ್ಷೆಯ ಒಳಗೆ ಬಂದು ವೇಗವಾಗಿ ಚಲಿಸಿ ಭೂಮಿಗಿಂತ ಮುಂದಾಗುತ್ತದೆ. ಅತಿ ದೂರದ ಬಿಂದುವಾದ ಅಪರವಿಯ ಬಳಿ ಹೊರಗೆ ಸರಿದು ನಿಧಾನವಾಗಿ ಹಿಂದುಳಿಯುತ್ತದೆ. ಹೀಗಾಗಿ ಭೂಮಿಯಿಂದ ನೋಡಿದರೆ ವರ್ಷಕ್ಕೊಮ್ಮೆ ನಮ್ಮನ್ನೇ ಸುತ್ತಿದಂತೆ ತೋರುತ್ತದೆ. ಆದರೆ ಭೂಮಿಯ ಗುರುತ್ವದ ಹಿಡಿತ ಸುಮಾರು 15 ಲಕ್ಷ ಕಿ.ಮೀ. ಆಚೆಗೆ ನಿಲ್ಲುವುದಿಲ್ಲ. ಈ ಕಾಯವೋ ಚಂದ್ರನ ದೂರದ 38 ಪಟ್ಟಿಗಿಂತ ಹತ್ತಿರ ಬರುವುದಿಲ್ಲ, 100 ಪಟ್ಟಿಗಿಂತ ಆಚೆಗೂ ಹೋಗುವುದಿಲ್ಲ. ಆದ್ದರಿಂದ ಇದು ನಿಜವಾದ ಉಪಗ್ರಹವಲ್ಲ, ಅರೆ ಉಪಗ್ರಹ. ದೂರ ಸರಿಯತೊಡಗಿದಾಗ ಭೂಮಿಯ ಅಲ್ಪ ಸೆಳೆತವೇ ವರ್ಷಗಳುದ್ದಕ್ಕೂ ಕೂಡಿ ಅದನ್ನು ಮರಳಿ ತರುತ್ತದೆ. ಸುಮಾರು ಒಂದು ಶತಮಾನದಿಂದ ಈ ಸ್ಥಿತಿ ನಡೆದುಬಂದಿದ್ದು, ಇನ್ನೂ ಕೆಲವು ಶತಮಾನ ಮುಂದುವರಿಯಲಿದೆ.

ಸ್ವರೂಪ ಮತ್ತು ಮೂಲ: ವ್ಯಾಸ 40ರಿಂದ 100 ಮೀ. ಎಂಬ ಅಂದಾಜಿದೆ. ಸುಮಾರು 28 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಬಹಳ ಮಸುಕಾದ್ದರಿಂದ ಪ್ರತಿವರ್ಷ ಏಪ್ರಿಲ್‌ನ ಆಸುಪಾಸಿನ ಕೆಲವು ವಾರ ಮಾತ್ರ, ಅದೂ ದೊಡ್ಡ ದೂರದರ್ಶಕಗಳಿಗೆ, ಚೆನ್ನಾಗಿ ಸಿಗುತ್ತದೆ. ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ 2021ರಲ್ಲಿ ಪ್ರಕಟಿಸಿದ ರೋಹಿತದ ಅಧ್ಯಯನದಲ್ಲಿ ಇದರ ಬೆಳಕು ಚಂದ್ರಶಿಲೆಯದನ್ನು ಹೋಲುವುದು ಕಂಡುಬಂತು. ಉಲ್ಕೆಯೊಂದು ಅಪ್ಪಳಿಸಿದಾಗ ಚಂದ್ರನಿಂದ ಸಿಡಿದ ಚೂರು ಇದಾಗಿರಬಹುದೆಂಬ ವಾದ ಆಗ ಬಲಗೊಂಡಿತು. ಚಂದ್ರನ ಆಚೆಮುಖದಲ್ಲಿರುವ 22 ಕಿ.ಮೀ. ಅಗಲದ ಜೋರ್ಡಾನೊ ಬ್ರೂನೊ ಕುಳಿಯೇ ಇದರ ತವರಾಗಿರಬಹುದೆಂದು 2024ರ ಗಣಕ ಅಧ್ಯಯನವೊಂದು ಸೂಚಿಸಿತು.

ಅನ್ವೇಷಣೆ: ಚಂದ್ರನಿಂದ ಬಂದದ್ದೆಂಬ ಊಹೆಯನ್ನು ಒರೆಗೆ ಹಚ್ಚಲು ಕಲ್ಲಿನ ಮಾದರಿಯೇ ಬೇಕು. ಅದನ್ನು ಸಂಗ್ರಹಿಸಿ ಭೂಮಿಗೆ ತರುವ ಉದ್ದೇಶದಿಂದ ಚೀನಾ 2025ರ ಮೇ ತಿಂಗಳಲ್ಲಿ ಶಿಚಾಂಗ್ ಉಡಾವಣಾ ಕೇಂದ್ರದಿಂದ ಟಿಯಾನ್ವೆನ್-2 ನೌಕೆಯನ್ನು ಹಾರಿಸಿತು. ಮಾದರಿಯ ಪೆಟ್ಟಿಗೆಯನ್ನು ಭೂಮಿಗೆ ಇಳಿಸಿದ ಮೇಲೆ ನೌಕೆಯು 311ಪಿ ಧೂಮಕೇತುವಿನತ್ತ ಸಾಗಬೇಕೆಂಬುದು ಯೋಜನೆ.